ಹೆಸರು ಹಾಕುವ ಶಿವಯೋಗೆಪ್ಪ

ದುಡಿಯುವಾಗ ಸುಮ್ಮನಿದ್ದು, ಸುಮ್ಮನೆ ಕುಳಿತಾಗ ದುಡಿಯುವ ಕೈಯೊಂದನ್ನು ನನ್ನ ಆಯುಷ್ಯದಲ್ಲಿ ನಾನು ಒಂದೇ ಕಡೆ ಕಂಡಿದ್ದೇನೆ. ಅದು ವಿಜಾಪುರದ ಜೋರಾಪುರ ಪೇಟೆಯ ಶಿವಯೋಗೆಪ್ಪ ಕಾಕಾನ ಬಲಗೈ. ಉಳಿ ಹಿಡಿದು ತಾಮ್ರದ ಕೊಡದ ಕಂಠಕ್ಕೆ ಹೆಸರು ಕೆತ್ತುವಾಗ ಆ ಕೈ ಅಚಲ, ಅಲ್ಲಾಡೆಂದರೂ ಅಲ್ಲಾಡದು. ಅದೇ ಉಳಿಯನ್ನು ಕೆಳಗಿಟ್ಟು ಎಲೆಯಡಿಕೆಗೆಂದು ಗೋಡೆಗೆ ಒರಗಿದರೋ, ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ತಿಕ್ಕುತ್ತ, ವಿಭೂತಿಯ ಗಟ್ಟಿಯಿಂದ ಹುಡಿ ಉದುರಿಸುವವರ ಹಾಗೆ, ಯಜಮಾನನ ಅಪ್ಪಣೆಯನ್ನು ಕೇಳದೆ ತಮ್ಮ ಉದ್ಯೋಗ ಆರಂಭಿಸಿಬಿಡುತ್ತಿದ್ದವು. ಆ ಬೆರಳುಗಳನ್ನು ನೋಡಿ ಪೇಟೆಗೆ ಪೇಟೆಯೇ ಒಂದು ತಪ್ಪು ತಿಳಿದುಕೊಂಡಿತು. ಆ ಮನುಷ್ಯನ ಮುಖವನ್ನು ನೋಡಿ ನಾನೊಂದು ತಪ್ಪು ತಿಳಿದುಕೊಂಡೆ. ಪೇಟೆಯ ತಪ್ಪಿಗೆ ಈಗಲೂ ನಗು ಬರುತ್ತದೆ. ನನ್ನದಕ್ಕೆ ಬರುವುದಿಲ್ಲ.

೧೯೫೭ರಲ್ಲಿ ತಿಕೋಟಾದಿಂದ ಒಂದು ಟ್ರಂಕು, ಒಂದು ಹಾಸಿಗೆ ಸುತ್ತಿಕೊಂಡು ವಿಜಾಪುರದ ಹೈಸ್ಕೂಲಿಗೆ ಮಾಸ್ತರನಾಗಿ ಬಂದ ನನಗೆ ಬಾಡಿಗೆಗೆ ಸಿಕ್ಕ ಕೋಣೆ ಅವರ ಮನೆಯ ಮುಂದಿನದು. ಮನೆಯಲ್ಲಿ ಇದ್ದವರು ಇಬ್ಬರೇ, ಕಾಕಾ ಮತ್ತು ಅವರ ಹೆಂಡತಿ ಕಾಶಿಬಾಯಿ. ಮಕ್ಕಳಿರಲಿಲ್ಲ. ಕಾಶಿಬಾಯಿಯನ್ನು ನಾನು 'ಯವ್ವಾ' ಎನ್ನುತ್ತಿದ್ದೆ. ಕೋಣೆಯ ಜೊತೆಗೆ ಎರಡು ಹೊತ್ತಿನ ರೊಟ್ಟಿಯನ್ನೂ ಆಕೆ ಕೊಡುತ್ತಿದ್ದಳಾದ್ದರಿಂದ ಆ ಸಂಬೋಧನೆಯಲ್ಲಿ ನನ್ನ ಸ್ವಾರ್ಥವೂ ಸ್ವಲ್ಪ ಇತ್ತೆನ್ನಿ.

ನಮ್ಮ ಕಡೆ ಮದುವೆಯ ಉಡುಗೊರೆ, ಆಯೇರಿ, ಎಂದರೆ ಭಾಂಡೆ. ಹಿತ್ತಾಳೆಯ ಪರಾತ, ತಾಮ್ರದ ಕೊಡ, ಚರಗಿ, ಹಂಡೆ ಏನೇ ಕೊಡಲಿ, ಕೊಟ್ಟವರ ಹೆಸರು, ಊರು, ಇಸವಿ ಅದರ ಮೇಲೆ ಇರಲೇಬೇಕು. ಹೆಸರಿಲ್ಲದ ಭಾಂಡೆಯನ್ನು ಹಂದರದಲ್ಲಿ ಯಾರೂ ಕೈಯಲ್ಲಿ ಹಿಡಿದು ನೋಡುವುದಿಲ್ಲ. ಆ ಹೆಸರುಗಳನ್ನೆಲ್ಲ ಹಾಕುವವರು ಶಿವಯೋಗೆಪ್ಪ ಕಾಕಾ. ಭಾಂಡೆಯ ಅಂಗಡಿಯೊಂದರ ಕಟ್ಟೆಯ ಮೇಲೆ ಅವರ ಗೋಣಿತಟ್ಟು. ಪಕ್ಕದಲ್ಲಿ ಕಲಾಯಿ ಹಾಕುವ ಕುತುಬುದ್ದೀನನ ತಿದಿ, ಇದ್ದಿಲು, ನವಸಾಗರದ ಹೊಗೆ. ಮೊದಲು ಸೀಮೆಸುಣ್ಣದಿಂದ ಬರೆದುಕೊಂಡು, ಆಮೇಲೆ ಉಳಿಯ ಮೊನೆಯಿಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಚುಕ್ಕೆಗೆ ಚುಕ್ಕೆ ಸೇರಿಸಿ ಅಕ್ಷರ ಎಬ್ಬಿಸುತ್ತಿದ್ದರು. ಒಂದೊಂದು ಅಕ್ಷರವೂ ಗುಂಡಗೆ, ತುಂಬಿಕೊಂಡು, ದೊಡ್ಡ ಜೋಳದ ತೆನೆಯಿಂದ ಆರಿಸಿ ಜೋಡಿಸಿದ ಕಾಳಿನ ಹಾಗೆ. ಮುಗಿದ ಮೇಲೆ ಒಂದು ಚಿಟಿಕೆ ವಿಭೂತಿ ತೆಗೆದು ಅಕ್ಷರಗಳ ಮೇಲೆ ತಿಕ್ಕುವರು. ಚುಕ್ಕೆಗಳೊಳಗೆಲ್ಲ ಬಿಳುಪು ಕೂತು ಹೆಸರು ಬೆಳ್ಳಗೆ ಎದ್ದು ನಿಲ್ಲುವುದು. ಆಗ ಭಾಂಡೆಯನ್ನು ಬಂದವರ ಕಡೆ ತಿರುಗಿಸಿ, "ಬರೋಬ್ಬರಿ?" ಎನ್ನುವರು.

'ಸರಿ' ಎಂಬರ್ಥದ ಈ 'ಬರೋಬ್ಬರಿ' ಅವರ ಮಾತಿನ ತಾಳ. ಊಟ ಬಡಿಸಿದರೂ ಬರೋಬ್ಬರಿ, ಮಳೆ ಬಂದರೂ ಬರೋಬ್ಬರಿ. ದನಿ ಎಂಥದು ಅಂತೀರಿ, ಕಟ್ಟೆಯ ಮೇಲೆ ಕೂತು ಒಂದು ಮಾತಾಡಿದರೆ ಓಣಿಯ ಆ ತುದಿಯಲ್ಲಿ ಕಾಶಿಬಾಯಿ ಒಲೆಯ ಮುಂದಿನಿಂದ ಉತ್ತರ ಕೊಡುತ್ತಿದ್ದಳು! ನಡಿಗೆಯೂ ಹಾಗೇ: ಎದೆ ಮುಂದೆ, ಧೋತರದ ಚುಂಗು ಒದೆಯುತ್ತ, ಎರಡೂ ಕೈ ಬೀಸುತ್ತ, ಎದುರಿಗೆ ಬಂದವನು ತಾನಾಗಿ ಬದಿಗೆ ಸರಿಯಬೇಕು. ಬೇಸಿಗೆಯಿರಲಿ ಚಳಿಯಿರಲಿ ಮೈಮೇಲೆ ಒಂದು ಕರಿ ಕೋಟು, ಅದರ ಬಲಗಿಸೆಯಲ್ಲಿ ಸೀಮೆಸುಣ್ಣ, ಎಡಗಿಸೆಯಲ್ಲಿ ಬೆಲ್ಲದ ಚೂರು. ಇನ್ನು ನಗು! ನಗುವಾಗ ಅವರ ಮುಖದ ಎಲ್ಲ ಸಾಮಾನೂ ಅಲ್ಲಾಡುತ್ತಿತ್ತು: ಹುಬ್ಬು, ಮೀಸೆ, ಕಿವಿ ಸಹ.

ಅವರಿಗೊಂದು ಹಟವಿತ್ತು. ಎಷ್ಟೇ ಗಡಿಬಿಡಿಯಿರಲಿ, ಹೆಸರನ್ನು ಮೂರು ಸಲ ಕೇಳದೆ ಉಳಿ ಇಡುತ್ತಿರಲಿಲ್ಲ. "ತಾಮ್ರದ ಮ್ಯಾಲಿಂದು ಅಳಸಾಕ ಬರಂಗಿಲ್ಲಪಾ, ಸಾವಕಾಶ ಹೇಳು." ಇನ್ನೊಂದು, ಪ್ರತಿ ಹೆಸರು ಮುಗಿದ ಮೇಲೆ ಅಕ್ಷರಕ್ಕೆ ತಾಗದಂತೆ, ಸ್ವಲ್ಪ ದೂರದಲ್ಲಿ, ಒಂದು ಚುಕ್ಕೆಯನ್ನು ಹೆಚ್ಚಿಗೆ ಹೊಡೆಯುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಅದು ಹೆಸರಿಗೆ ಹಚ್ಚಿದ ಕುಂಕುಮ" ಎಂದು ನಕ್ಕಿದ್ದರು. ಊರಿಗೆ ಗೊತ್ತಿತ್ತು, ಅದು ಅವರ ರುಜು. ತಿಕೋಟಾದ ನಮ್ಮ ಮನೆಯ ಅಟ್ಟದಲ್ಲಿದ್ದ ಹಂಡೆಯೊಂದನ್ನು ರಜೆಯಲ್ಲಿ ತಿರುವಿ ನೋಡಿದರೆ ಅಜ್ಜನ ಹೆಸರಿನ ಮುಂದೆ ಆ ಒಂಟಿ ಚುಕ್ಕೆ! ನಾನು ಹುಟ್ಟಿದ ಮನೆಗೆ ನನ್ನ ಮನೆಮಾಲೀಕ ನನಗಿಂತ ಮೊದಲೇ ಬಂದು ಕೂತಿದ್ದ.

ಆದರೆ ಅವರ ಸ್ವಂತ ಮನೆಯ ಒಂದು ಭಾಂಡೆಯ ಮೇಲೂ ಹೆಸರಿರಲಿಲ್ಲ. ಒಮ್ಮೆ ರೊಟ್ಟಿ ತಿನ್ನುತ್ತ ಕೆಣಕಿದೆ: "ಊರ ಹೆಣ್ಣಮಕ್ಕಳ ಹೆಸರೆಲ್ಲಾ ಬರೀತೀರಿ ಕಾಕಾ, ಯವ್ವನ ಹೆಸರಿಗೆ ಯಾವಾಗ ಮುಹೂರ್ತ?" ನಮ್ಮಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಎತ್ತುವುದಿಲ್ಲ, ಮದುವೆಯ ದಿನ ಹತ್ತು ಜನ ಕಾಡಿ ಪ್ರಾಸದ ಒಡಪಿನಲ್ಲಿ ಕಟ್ಟಿ ಹೇಳಿಸಿದರೆ ಅದೇ ಮೊದಲು, ಅದೇ ಕೊನೆ. ಕಾಶಿಬಾಯಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಕಾಕಾ ಗಹಗಹಿಸಿ, "ಹೆಸರು ಬೇಕಾಗೂದು ದೂರ ಹೋಗೂ ಭಾಂಡೆಕ್ಕರಿ ಮಾಸ್ತರ. ನಮ್ಮ ಮನೀವು ಎಲ್ಲಿಗೆ ಹೊಂಟಾವು? ಬರೋಬ್ಬರಿ?" ಎಂದರು.

ಬೆರಳುಗಳು ತಿಕ್ಕಲು ಹಿಡಿದದ್ದು ೧೯೫೯ರಲ್ಲಿ. ಕಟ್ಟೆಯ ಮುಂದೆ ಹಾದು ಹೋಗುವ ಜನ ನೋಡಿದರು: ಶಿವಯೋಗೆಪ್ಪ ಕೆಲಸ ಬಿಟ್ಟಾಗಲೆಲ್ಲ ಕಣ್ಣು ಒಂದೇ ಕಡೆ ನೆಟ್ಟು, ಬೆರಳಲ್ಲಿ ಏನೋ ಎಣಿಸುತ್ತಾನೆ. ಹಣೆಯಲ್ಲಿ ವಿಭೂತಿ ಇದ್ದೇ ಇತ್ತು. ತಡವೇನು, ಶಿವಯೋಗೆಪ್ಪ ಜಪಕ್ಕೆ ಕೂತಿದ್ದಾನೆ ಎಂದು ಪೇಟೆ ತೀರ್ಮಾನಿಸಿತು! ಬರೀ ಹೆಸರು ಹಾಕುವವನಲ್ಲ, ಸಾಧಕ. ಕೆಲವರು ಚಪ್ಪಲಿ ಬಿಟ್ಟು ಕಟ್ಟೆ ಹತ್ತತೊಡಗಿದರು. ಮೊದಮೊದಲು ಕಾಕಾನಿಗೂ ಅದು ಗಮ್ಮತ್ತು. "ಮಂದಿಗೆ ನಾ ಸ್ವಾಮಿ ಆಗಿಬಿಟ್ಟೇನ್ರಿ" ಎಂದು ರಾತ್ರಿಯ ಊಟಕ್ಕೆ ಕೂತಾಗ ಅವರು ಹೇಳಿದ್ದೂ, ಹಾಗೆ ಹೇಳುವಾಗ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದೂ ನನಗೆ ಚೆನ್ನಾಗಿ ನೆನಪಿದೆ.

ಒಂದು ದಿನ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. ಕೋಟಿನ ಬಲಗಿಸೆ, ಒಳಗೆ ಇಲಿ ಹೊಕ್ಕ ಹಾಗೆ ಅಲ್ಲಾಡುತ್ತಿತ್ತು. "ಇದು ಜಪಾ ಅಲ್ಲರಿ ಮಾಸ್ತರ. ನಾ ಮಾಡಾಕತ್ತಿಲ್ಲ ಇದನ್ನ. ಅದರಷ್ಟಕ್ಕ ಅದು ಮಾಡಾಕತ್ತೇತಿ." ಡಾಕ್ಟರರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಅವರು ಕೈ ಮಡಚಿ ಬಿಡಿಸಿ, ನಡೆಸಿ ನೋಡಿ, ಒಂದು ಇಂಗ್ಲಿಷ್ ಹೆಸರು ಹೇಳಿ, ಸಾಯಿಸುವ ರೋಗವಲ್ಲ, ವಾಸಿಯಾಗುವುದೂ ಅಲ್ಲ ಎಂದರು. ವೈದ್ಯರು ಅದನ್ನೇ ಕಂಪವಾತವೆಂದು ಕರೆದು, ನಸುಗುನ್ನಿ ಬೀಜದ ಪುಡಿಯನ್ನು ಹಾಲಿನಲ್ಲಿ ಕುಡಿಯಲು ಕೊಟ್ಟರು. ಒಂದಷ್ಟು ದಿನ ಅದರಿಂದ ಹಗುರಾದಂತೆಯೂ ಕಂಡಿತು. ಮರಳಿ ಬರುವಾಗ ಕಾಕಾ ನನ್ನಿಂದ ಮಾತು ತೆಗೆದುಕೊಂಡರು: ಯಾರಿಗೂ ಹೇಳಬಾರದು, ಕಾಶಿಬಾಯಿಗಂತೂ ಬೇಡವೇ ಬೇಡ. "ಹೆಸರ ಹಾಕಾವನ ಕೈ ನಡಗತೈತಿ ಅಂದ್ರ ಯಾರ ತಂದಾರು ಭಾಂಡೆ? ಕೈ ಹೋದ್ರ ನಾ ಯಾರರಿ?" ಮೂವತ್ತು ತುಂಬದ ಮಾಸ್ತರ ನಾನು, ಮಾತು ಕೊಟ್ಟೆ.

ಉಳಿ ಹಿಡಿದಾಗ ನಡುಕ ನಿಲ್ಲುತ್ತದೆಂಬುದೊಂದೇ ಅವರ ಬಂಡವಾಳ. ಆದಕಾರಣ ಅವರು ಉಳಿ ಬಿಡುವುದನ್ನೇ ಬಿಟ್ಟರು. ಆದರೆ ರೋಗಕ್ಕೆ ಬೇರೆ ದಾರಿಗಳಿದ್ದವು. ಕೈ ನಿಧಾನವಾಯಿತು. ಅಕ್ಷರ ಕುಗ್ಗತೊಡಗಿತು. ಹೆಸರಿನ ಆರಂಭ ಜೋಳದ ಕಾಳಿನಷ್ಟಿದ್ದರೆ ನಡುವೆ ಸಜ್ಜೆ, ಊರಿನ ಹೆಸರಿಗೆ ಬರುವಷ್ಟರಲ್ಲಿ ಸಾಸಿವೆ. ವಿಚಿತ್ರವೆಂದರೆ ಬರೆಯುವಾಗ ಅವರಿಗದು ತಿಳಿಯುತ್ತಿರಲಿಲ್ಲ. ವಿಭೂತಿ ತಿಕ್ಕಿದ ಮೇಲೆ ನೋಡಿ ಬೆಚ್ಚುತ್ತಿದ್ದರು. ಬೀಸುವ ಕೈಗಳು ಮೈಗಂಟಿಕೊಂಡವು, ಎದೆ ಮುಂದಿಟ್ಟು ನಡೆಯುವ ಮನುಷ್ಯ ಬೆನ್ನು ಬಗ್ಗಿಸಿ ಗೇಣು ಗೇಣು ಹೆಜ್ಜೆಯಿಡತೊಡಗಿದ. ದನಿ ಅಡಗಿತು. ಎಲ್ಲಕ್ಕಿಂತ ಮಿಗಿಲಾಗಿ, ಆ ಮುಖ ಹೋಯಿತು. ಹುಬ್ಬು, ಮೀಸೆ, ಕಿವಿಗಳೆಲ್ಲ ಇದ್ದಲ್ಲೇ ಇದ್ದು, ಒಂದೂ ಕೆಲಸಕ್ಕೆ ಬರಲೊಲ್ಲದಾಯಿತು. ಕಣ್ಣು ರೆಪ್ಪೆ ಹೊಡೆಯುವುದೂ ಅಪರೂಪ. ಒಳಗೆ ಏನು ನಡೆದಿದೆ ಎಂದು ತಿಳಿಯಲು ಹೊರಗೆ ಯಾವ ಗುರುತೂ ಉಳಿಯಲಿಲ್ಲ.

ಕಾಶಿಬಾಯಿ ನನ್ನೆದುರು ಅತ್ತಳು. "ನಾ ಏನರ ತಪ್ಪ ಮಾಡೇನೇನ್ರಿ ಮಾಸ್ತರ? ಮೂರು ತಿಂಗಳಾತು, ನನ್ನ ಮಾರಿ ನೋಡಿ ಒಮ್ಮಿ ನಕ್ಕಿಲ್ಲ. ಮಾದಲಿ ಮಾಡಿ ಹಾಕಿದೆ, ಬರೋಬ್ಬರಿ ಅನ್ನಲಿಲ್ಲ." ಅದು ಸಿಟ್ಟಲ್ಲ, ರೋಗ ಎಂದು ಹೇಳಲು ನಾಲಗೆಯ ತುದಿಯವರೆಗೆ ಬಂತು. ಕೊಟ್ಟ ಮಾತೊಂದು ಅಡ್ಡ ನಿಂತಿತು. ದೊಡ್ಡ ಹರಿಶ್ಚಂದ್ರ ನಾನು! ಆವತ್ತೇ ಹೇಳಿಬಿಟ್ಟಿದ್ದರೆ ಆ ಹೆಂಗಸಿನ ಎಷ್ಟೋ ದಿನಗಳ ಅಳು ಉಳಿಯುತ್ತಿತ್ತೆಂದು ಈಗ ಅನ್ನಿಸುತ್ತದೆ, ಅನ್ನಿಸಿ ಉಪಯೋಗವಿಲ್ಲ.

ಈ ಗುಟ್ಟು ಬಯಲಾದದ್ದು ೧೯೬೨ರ ವೈಶಾಖದಲ್ಲಿ, ಬಬಲೇಶ್ವರದ ಒಂದು ಮದುವೆಯಲ್ಲಿ. ಹುಡುಗಿಯ ಸೋದರಮಾವ ಬಸಗೊಂಡಪ್ಪ, ಆ ಊರಿನಲ್ಲಿ ಹತ್ತೆತ್ತಿನ ಒಕ್ಕಲುತನದ ಧಣಿ, ಆಯೇರಿಗೆಂದು ದೊಡ್ಡದೊಂದು ತಾಮ್ರದ ಕೊಡ ಕೊಂಡು ಹೆಸರು ಹಾಕಲು ಬಿಟ್ಟಿದ್ದರು. ಅದೇ ಮದುವೆಗೆ ಹುಡುಗಿಯ ತಂದೆಯ ಕಡೆಯವರದೊಂದು ಹಿತ್ತಾಳೆಯ ಪರಾತವೂ ಕಾಕಾನ ಬಳಿಯೇ ಇತ್ತು. ಕೈ ನಿಧಾನವಾದ್ದರಿಂದ ಕೆಲಸ ಹಿಂದೆ ಬಿತ್ತು; ಮದುವೆಯ ದಿನ ಬೆಳಿಗ್ಗೆ ಭಾಂಡೆಗಳನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ನಾವಿಬ್ಬರೂ ಹೋದೆವು.

ಹಂದರದಲ್ಲಿ ಆಯೇರಿ ಓದುವ ಹೊತ್ತು. ಒಬ್ಬೊಬ್ಬರ ಭಾಂಡೆಯನ್ನೂ ಎತ್ತಿ ಹಿಡಿದು ಹೆಸರು ಕೂಗುವುದು ಪದ್ಧತಿ. ಪರಾತ ಎತ್ತಿದರು; ಕೈ ದಣಿಯುವ ಮೊದಲೇ ಕೆತ್ತಿದ್ದು ಅದು, ಅಕ್ಷರಗಳು ದೂರಕ್ಕೂ ಹೊಳೆದವು. ಆಮೇಲೆ ಕೊಡ ಎತ್ತಿದರು. ಕೂಗುವವನು ಕಣ್ಣು ಕಿರಿದು ಮಾಡಿ, ಕೊಡವನ್ನು ಮೂಗಿನ ತನಕ ತಂದು, "ಬಸ... ಬಸಗೊಂ..." ಎಂದು ತಡವರಿಸಿದ. ಯಾರೋ ನಕ್ಕರು. ಬಸಗೊಂಡಪ್ಪ ಎದ್ದು ಬಂದು ಕೊಡ ಕಸಿದು ನೋಡಿದರು. ಅವರ ಹೆಸರು ಸಾಸಿವೆಯಷ್ಟು ಸಣ್ಣಗೆ, ಮೇಲುಮೇಲಕ್ಕೆ ಹತ್ತುತ್ತ, ಕಂಠದ ಅಂಚಿನಲ್ಲಿ ಹೋಗಿ ಮುದುಡಿಕೊಂಡಿತ್ತು.

"ಅವರ ಹೆಸರು ಗೇಣುದ್ದ, ನಂದು ಇರಿವಿ ಹರದಂಗ! ಯಾರ ಹೇಳಿ ಬರಸ್ಯಾರ ಇದನ್ನ? ಸ್ವಾದರಮಾವ ಅಷ್ಟ ಸಣ್ಣಾವ ಆದ್ನೇನು?"

ಹೆಣ್ಣಿನ ಸೋದರಮಾವ ಮುನಿದರೆ ಅಕ್ಷತೆಯ ಅಕ್ಕಿಕಾಳು ಬೀಳುವುದಿಲ್ಲ. ಹಂದರವೆಲ್ಲ ಎದ್ದು ನಿಂತಿತು. ಹುಡುಗಿಯ ತಂದೆ ಕೈ ಮುಗಿದರೆ, ಬಸಗೊಂಡಪ್ಪ ರುಮಾಲು ಕೊಡವಿ ಹೊರಟೇ ನಿಂತರು. ಕಾಕಾ ಮುಂದೆ ಹೋದರು. ತುಟಿ ಅಲ್ಲಾಡಿತು, ತಪ್ಪು ನನ್ನದು ಎಂದು ಅವರೆಂದದ್ದು ಮಗ್ಗುಲಲ್ಲಿದ್ದ ನನಗಷ್ಟೇ ಕೇಳಿತು. ಬಸಗೊಂಡಪ್ಪನಿಗೆ ಕಂಡದ್ದು ಒಂದು ಕಲ್ಲುಮುಖ, ರೆಪ್ಪೆ ಹೊಡೆಯದ ಎರಡು ಕಣ್ಣು, ಕೋಟಿನ ಕಿಸೆಯಲ್ಲಿ ಇಳಿಬಿಟ್ಟ ಕೈ.

"ನೋಡ್ರಿ ಇವನ ಸೊಕ್ಕು! ತಪ್ಪ ಮಾಡಿ ಮ್ಯಾಲ ಮಾರಿ ಹೆಂಗ ಇಟಗೊಂಡು ನಿಂತಾನ ನೋಡ್ರಿ!"

ಆಗ ಶಿವಯೋಗೆಪ್ಪ ಕಾಕಾ ಮೂರು ವರ್ಷ ಅಡಗಿಸಿದ ಕೈಯನ್ನು ಕಿಸೆಯಿಂದ ಹೊರಗೆ ತೆಗೆದು, ಎಲ್ಲರ ಎದುರು, ಎದೆಯ ಮಟ್ಟಕ್ಕೆ ಹಿಡಿದರು. ಅದು ನಡುಗಿತು. ಹಂದರದ ತೋರಣಕ್ಕಿಂತ ಹೆಚ್ಚಾಗಿ ನಡುಗಿತು. ಮುಖದ ಮೇಲೆ ಒಂದು ಗೆರೆಯೂ ಬದಲಾಗಲಿಲ್ಲ, ಆದರೆ ಎರಡೂ ಕಣ್ಣುಗಳಿಂದ ನೀರು ಇಳಿದು, ಆ ಅಲ್ಲಾಡದ ಕೆನ್ನೆಗಳ ಮೇಲೆ ಹಾದು, ಮೀಸೆಯಲ್ಲಿ ನಿಂತಿತು. ಬಸಗೊಂಡಪ್ಪ ಕೆಟ್ಟ ಮನುಷ್ಯನಲ್ಲ. ತಟ್ಟನೆ ಆ ಕೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದು, "ಯಪ್ಪಾ, ತಪ್ಪಾತು, ನನಗ ಗೊತ್ತಿರಲಿಲ್ಲ" ಎಂದರು. ಅಕ್ಕಿಕಾಳು ಬಿದ್ದವು. ಹೆಂಗಸರು "ಪಾಪ, ಪಾಪ" ಎನ್ನುತ್ತ ಕಾಕಾನಿಗೆ ಮೊದಲ ಪಂಕ್ತಿಯಲ್ಲೇ ಬಡಿಸಿದರು; ಅವರು ತಿನ್ನಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಕಾಕಾ ಹೇಳಿದರು: "ಬೈದರಲ್ಲರಿ ಮಾಸ್ತರ, ಅದು ಶಿವಯೋಗೆಪ್ಪಗ ಬೈದರು. ಪಾಪ ಅಂದರಲ್ಲ, ಅದು ಯಾರಿಗೋ ಅಂದರು."

ಸುದ್ದಿ ನಮಗಿಂತ ಮೊದಲೇ ಪೇಟೆ ಮುಟ್ಟಿತ್ತು. ಆ ದಿನದಿಂದ ಯಾರೂ ಭಾಂಡೆ ತರಲಿಲ್ಲ. ಬಯ್ಯಲಿಲ್ಲ, ಆಡಿಕೊಳ್ಳಲಿಲ್ಲ, ಪಾಪ ಅವನಿಗೇಕೆ ತ್ರಾಸು ಎಂದು ದಯೆಯಿಂದ ತರಲಿಲ್ಲ. ಚಪ್ಪಲಿ ಬಿಟ್ಟು ಕಟ್ಟೆ ಹತ್ತುತ್ತಿದ್ದವರು ಆಚೆ ಬದಿಯಿಂದ ಹಾಯತೊಡಗಿದರು. ತಿಂಗಳೊಪ್ಪತ್ತು ಖಾಲಿ ಗೋಣಿತಟ್ಟಿನ ಮೇಲೆ ಕೂತು, ಕಾಕಾ ಉಳಿ ಸುತ್ತಿಗೆಗಳನ್ನು ಅರಿವೆಯಲ್ಲಿ ಸುತ್ತಿ ಮನೆಗೆ ಒಯ್ದರು.

ಈಗ ಕಾಶಿಬಾಯಿಗೂ ಗೊತ್ತಾಗಿತ್ತು. ಗೊತ್ತಾಗುವುದು ಬೇರೆ, ಹಗಲೆಲ್ಲ ಆ ಮುಖದ ಎದುರು ಬಾಳುವುದು ಬೇರೆ. ಆಕೆ ತಿನ್ನಿಸಿದಳು, ಗುಂಡಿ ಹಾಕಿದಳು, ಹೊಸ್ತಿಲು ಬಂದಾಗ ಕಾಲು ನೆಲಕ್ಕೆ ಅಂಟಿಕೊಂಡು ನಿಂತುಬಿಡುವ ಗಂಡನನ್ನು ಕೈ ಹಿಡಿದು ದಾಟಿಸಿದಳು. ಆಗಾಗ ಮನೆಗೆ ಬರುತ್ತಿದ್ದ ಕುತುಬುದ್ದೀನ ಇದಕ್ಕೊಂದು ಯುಕ್ತಿ ಕಂಡುಹಿಡಿದಿದ್ದ: ಒಂದು ಪರಾತದ ಮೇಲೆ ಸುತ್ತಿಗೆಯಿಂದ ಠಣ್, ಠಣ್ ಎಂದು ಹದವಾಗಿ ಬಡಿಯುತ್ತಿದ್ದ, ಆ ಸಪ್ಪಳ ಕಿವಿಗೆ ಬಿದ್ದರೆ ಕಾಕಾನ ಕಾಲು ತಾಳಕ್ಕೆ ತಕ್ಕಂತೆ ಎದ್ದು ಹೊಸ್ತಿಲು ದಾಟುತ್ತಿತ್ತು. ಔಷಧವಿಲ್ಲದ ರೋಗಕ್ಕೆ ಒಬ್ಬ ಕಲಾಯಿಗಾರ ಕೊಟ್ಟ ಔಷಧ ಅದು. ಆದರೆ ದಿನವಿಡೀ ಅಲ್ಲಿ ನಿಂತು ಬಡಿಯಲು ಅವನಿಗೂ ಹೊಟ್ಟೆಪಾಡಿತ್ತು.

೧೯೬೩ರಲ್ಲಿ ನನಗೆ ಬಬಲೇಶ್ವರಕ್ಕೆ ವರ್ಗವಾಯಿತು. ಹೊರಡುವ ದಿನ ಟ್ರಂಕು ಕಟ್ಟುತ್ತಿರುವಾಗ, ಕಾಶಿಬಾಯಿ ಪಡಸಾಲೆಯಲ್ಲಿ, ಗಂಡ ಕೂತ ಗೋಡೆಯ ಎದುರಿಗೇ ನಿಂತು ಹೇಳಿದಳು: "ಇವರು ಅವರಲ್ಲರಿ ಮಾಸ್ತರ. ಅವರು ಎಲ್ಲೋ ಹೋಗ್ಯಾರ. ಹೋಗೂಮುಂದ ಯಾರನೋ ತಂದು ಇಲ್ಲಿ ಕುಂದರಿಸಿ ಹೋಗ್ಯಾರ." ಆಕೆ ನಿರ್ದಯಿಯಲ್ಲ, ದಣಿದಿದ್ದಳು. ನಾನು ಕಾಕಾನ ಕಡೆ ನೋಡಿದೆ. ಮುಖ ಎಂದಿನಂತೆ. ಕಾಲಿಗೆ ನಮಸ್ಕರಿಸಲು ಬಗ್ಗಿದಾಗ ಮಾತ್ರ, ಬಾವಿಯ ತಳದಿಂದ ಬಂದಂತೆ, ಒಂದು ದನಿ ಕಿವಿಗೆ ಬಿತ್ತು.

"ಒಳಗ ಅದೀನ್ರಿ ಮಾಸ್ತರ. ಆಕೀಗೆ ಹೇಳ್ರಿ. ಒಳಗ ಅದೀನಿ."

ನಾನು ಹೇಳಿದೆ. ಕಾಶಿಬಾಯಿ ಗಂಡನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು, ಅಲ್ಲಿ ಏನೂ ಕಾಣದೆ ತಲೆ ಅಲ್ಲಾಡಿಸಿ ಒಳಗೆ ಹೋದಳು.

ಇನ್ನು ನನ್ನ ಪಾಲಿನದು. ೧೯೬೫ರ ದೀಪಾವಳಿಯ ರಜೆಯಲ್ಲಿ, ಒಂದು ಡಜನ್ ಬಾಳೆಹಣ್ಣು ಹಿಡಿದು ಅವರ ಮನೆಗೆ ಹೋದೆ. ಬಾಗಿಲು ಅರೆ ತೆರೆದಿತ್ತು. "ಕಾಕಾ" ಎಂದು ಕೂಗಿದೆ. ಒಳಕೋಣೆಯ ಹೊಸ್ತಿಲಿನಲ್ಲಿ ಶಿವಯೋಗೆಪ್ಪ ಕಾಕಾ, ಕರಿ ಕೋಟು ಹಾಕಿಕೊಂಡು, ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ಬಾ ಎನ್ನಲಿಲ್ಲ. ಕೈಯೆತ್ತಲಿಲ್ಲ. ಮತ್ತೆ ಕೂಗಿದೆ, ಅದೇ ನೋಟ. ಎರಡು ವರ್ಷ ಬಾರದವನ ಮೇಲೆ ಸಿಟ್ಟೆಂದುಕೊಂಡೆ. ಸಿಟ್ಟಿದ್ದರೆ ಬೈಯಬಹುದಿತ್ತು, ಮನೆಗೆ ಬಂದವನನ್ನು ಹೀಗೆ ಬಾಗಿಲಲ್ಲಿ ನಿಲ್ಲಿಸುವುದೇ ಎಂದು ನನಗೂ ರೋಷ ಬಂತು. ಬಾಳೆಹಣ್ಣನ್ನು ಕಟ್ಟೆಯ ಮೇಲಿಟ್ಟು ಬಸ್ ಹಿಡಿದೆ. ನೋಡಿ, ಡಾಕ್ಟರರಲ್ಲಿಗೆ ಕೈ ಹಿಡಿದು ಕರೆದೊಯ್ದವನು ನಾನು, ಹೊಸ್ತಿಲಿನಲ್ಲಿ ಅವರ ಕಾಲು ಅಂಟುವುದನ್ನು ನೂರು ಸಲ ಕಂಡವನು ನಾನು. ಬಸಗೊಂಡಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಖವನ್ನೇ ನಂಬಿದೆ.

ಮರುವರ್ಷದ ಮಾಘದಲ್ಲಿ ಬಬಲೇಶ್ವರದ ಸಂತೆಗೆ ಬಂದ ಜೋರಾಪುರ ಪೇಟೆಯ ವ್ಯಾಪಾರಿಯೊಬ್ಬ, ಕಾಕಾ ತೀರಿಕೊಂಡು ಐದು ದಿನವಾಯಿತೆಂದ.

ಹೋದೆ. ಕಾಶಿಬಾಯಿ ಪಡಸಾಲೆಯಲ್ಲಿ ಕೂತಿದ್ದಳು, ಬಾಗಿಲ ಬಳಿ ಕುತುಬುದ್ದೀನ. ಕಾಲಿಗೆ ನೀರು ಕೊಟ್ಟು, ಕುಡಿಯಲು ಒಂದು ಸಣ್ಣ ತಾಮ್ರದ ಚರಗಿಯಲ್ಲಿ ನೀರು ತಂದಿಟ್ಟಳು. ಅತ್ತದ್ದೆಲ್ಲ ಮುಗಿದ ಮೇಲಿನ ಸಪ್ಪೆ ದನಿಯಲ್ಲಿ ಕೇಳಿದಳು: "ದೀಪಾವಳ್ಯಾಗ ನೀವು ಬಂದು ಹಂಗ ಹೋದ್ರಿ. ನಾ ನೀರಿಗೆ ಹೋಗಿದ್ದೆ. ತಿರಗಿ ಬಂದು ನೋಡ್ತೀನಿ, ಹೊರಗಿನ ಬಾಗಲ ತನಕ ಬಂದು ನಿಂತಾರ. ಮೈಯೆಲ್ಲಾ ಬೆವರು. ಏನ್ರಿ ಅಂದ್ರ, 'ಮಾಸ್ತರ ಬಂದಾರ, ಬರಾಕತ್ತೀನಿ' ಅಂತಾರ. ಕಟ್ಟೀ ಮ್ಯಾಲ ನಿಮ್ಮ ಬಾಳಿಹಣ್ಣು. ನೀವು ಇಲ್ಲ."

ನಾನು ಚರಗಿಯನ್ನು ಎತ್ತಿಕೊಂಡೆ, ಮುಖ ಮರೆಮಾಡಲು ಏನಾದರೊಂದು ಬೇಕಿತ್ತು. ಎತ್ತಿದಾಗ ತಳದಲ್ಲಿ ಏನೋ ಬೆರಳಿಗೆ ಒರಟೊರಟಾಗಿ ಹತ್ತಿತು.

"ಅದಾ? ಏನ ಗೆರಿ ಬಿದ್ದಾವೋ" ಎಂದಳು ಕಾಶಿಬಾಯಿ, ನನ್ನ ಬೆರಳು ನೋಡಿ. "ಅವರು ನೀರು ಕುಡ್ಯಾ ಚರಗಿ. ವರ್ಸ ಆಗಾಕ ಬಂತು, ದಿನಾ ಹುಣಸಿಹಣ್ಣು ಹಚ್ಚಿ ತಿಕ್ಕತೀನಿ. ಹೋಗವಲ್ಲವು."

ಕುತುಬುದ್ದೀನ ಬಾಗಿಲಿನಿಂದ ಕೆಮ್ಮಿದ. "ಗೆರಿ ಅಲ್ಲರಿ ಅದು. ನೀವು ನೀರಿಗೆ ಹೋದಾಗ ನಾ ಚರಗಿ ಒತ್ತಿ ಹಿಡೀತಿದ್ದೆ, ಅವರು ಹೊಡೀತಿದ್ದರು. ದಿನಕ್ಕ ಎರಡ ಚುಕ್ಕಿ, ಮೂರ ಚುಕ್ಕಿ. ಮುಗಿಸಾಕ ಒಂದೂವರಿ ತಿಂಗಳ ಹಿಡೀತು. ನನಗ ಕನ್ನಡ ಓದಾಕ ಬರಂಗಿಲ್ಲ, ಏನ ಬರದಾರ ಗೊತ್ತಿಲ್ಲ. ಯವ್ವಗ ಹೇಳಲೇನ್ರಿ ಅಂದ್ರ ಬ್ಯಾಡ ಅಂದರು. 'ಆಕೀನ ತಾನಾಗಿ ಕೇಳಲಿ' ಅಂದರು."

ಆಕೆ ಕೇಳಿರಲಿಲ್ಲ. ಓದಲು ಬಾರದ ಹೆಂಗಸು ಗೆರೆಯೆಂದು ತಿಳಿದು ದಿನವೂ ಗಂಡನೆದುರೇ ಕೂತು ತಿಕ್ಕಿದ್ದಳು. ಅವರು, ಅಲ್ಲಾಡದ ಮುಖದಿಂದ, ಅದನ್ನು ನೋಡುತ್ತ ಕೂತಿದ್ದರು.

ನೀರನ್ನು ಕುಡಿದು, ಚರಗಿಯನ್ನು ಬೋರಲು ಹಾಕಿ ಅಂಗಳದ ಬಿಸಿಲಿಗೆ ಒಯ್ದೆ. ಬರೀ ಕಣ್ಣಿಗೆ ಗೀಚಿದಂತಿತ್ತು. ಗೋಡೆಯ ಮಾಡದಲ್ಲಿದ್ದ ವಿಭೂತಿಯಿಂದ ಒಂದು ಚಿಟಿಕೆ ತಂದು, ಕಾಕಾ ತಿಕ್ಕುತ್ತಿದ್ದ ಹಾಗೆ, ಹೆಬ್ಬೆರಳಿನಿಂದ ತಿಕ್ಕಿದೆ. ಬೆಳ್ಳಗೆ ಎದ್ದು ನಿಂತಿತು. ಮೊದಲ ಅಕ್ಷರ ಸಾಸಿವೆಯಷ್ಟು, ಎರಡನೆಯದು ಗಸಗಸೆಯಷ್ಟು, ಮುಂದಿನವು ಇನ್ನೂ ಸಣ್ಣ, ಆದರೆ ಒಂದೊಂದೂ ಗುಂಡಗೆ, ತುಂಬಿಕೊಂಡು. ಕಾಶಿಬಾಯಿ. ಅದರಾಚೆ, ಅಕ್ಷರಕ್ಕೆ ತಾಗದಂತೆ, ಸ್ವಲ್ಪ ದೂರದಲ್ಲಿ, ಒಂದು ಚುಕ್ಕೆ.

ಆಕೆಯ ಬೆರಳು ಹಿಡಿದು ಅದರ ಮೇಲಿಟ್ಟು ಓದಿ ಹೇಳಿದೆ. ಬಹಳ ಹೊತ್ತು ಆಕೆ ಬೆರಳು ತೆಗೆಯಲಿಲ್ಲ.

"ಅವರದ ಕೈಯೇನ್ರಿ? ಇಷ್ಟ ಸಣ್ಣದು?"

"ಅವರದ ಯವ್ವಾ. ಸಣ್ಣದಾಗೇತಿ. ಬ್ಯಾರೆ ಆಗಿಲ್ಲ."

ಅವಳು ಚರಗಿಯನ್ನು ಎದೆಗೆ ಒತ್ತಿಕೊಂಡಳು. ಮೂವತ್ತೈದು ವರ್ಷ 'ಇವರು', 'ಅವರು' ಎಂದಷ್ಟೇ ಕರೆದವಳು, ಒಡಪಿಲ್ಲದೆ, ಯಾರೂ ಕಾಡದೆ, ಖಾಲಿ ಗೋಡೆಯ ಕಡೆ ತಿರುಗಿ, "ಶಿವಯೋಗೆಪ್ಪಾ" ಎಂದು ಕರೆದಳು. ಕುತುಬುದ್ದೀನ ಎದ್ದು ಹೊರಗೆ ಹೋದ.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ದೇಹ ಎಂಬ ಮನೆಯ ಮುಂಬಾಗಿಲುಗಳೆಲ್ಲ ಬಿಗಿದುಹೋಗಿ, ನಗುವಾಗಲೀ ದನಿಯಾಗಲೀ ಹೊರಗೆ ಬರಲು ದಾರಿ ಸಿಗದೆ, ಒಳಗಿನ ಮನುಷ್ಯ ಮಾತ್ರ ಇದ್ದಂತೆಯೇ ಇರುತ್ತಾನೆ; ನಾವು, ಓದು ಬಲ್ಲವರು, ಬಾಗಿಲಲ್ಲಿ ನಿಂತು ಒಂದು ಸಲ ಕೂಗುತ್ತೇವೆ, ಇನ್ನೊಂದು ಸಲ ಕೂಗುತ್ತೇವೆ, ಒಳಗೆ ಯಾರೂ ಇಲ್ಲವೆಂದೋ, ಇದ್ದೂ ಓಗೊಡಲೊಲ್ಲರೆಂದೋ ತೀರ್ಮಾನಿಸುತ್ತೇವೆ. ಅವರು ಬರುತ್ತಿರುತ್ತಾರೆ, ಗೇಣು ಗೇಣು ಹೆಜ್ಜೆಯಿಟ್ಟು, ಬೆವರುತ್ತ, ಒಂದೊಂದೇ ಹೊಸ್ತಿಲು ದಾಟಿ. ಅವರು ಬಾಗಿಲಿಗೆ ಬಂದು ಮುಟ್ಟುವ ಹೊತ್ತಿಗೆ ನಾವು ಬಾಳೆಹಣ್ಣು ಇಟ್ಟು ಹೋಗಿರುತ್ತೇವೆ.